ಒಂಬತ್ತನೆಯ ಗುಡ್ಡದ ಸಾಕ್ಷಿ

ಕರ್ನಲ್ ವೆಂಡೆಲ್ ಸ್ಟ್ರೌಡ್ ಅವರನ್ನು ಅಕ್ಟೋಬರ್ ಹದಿನಾಲ್ಕರ ಒಳಗಾಗಿ ಕೊಲ್ಲತಕ್ಕದ್ದು ಎಂಬ ಆದೇಶವು ಎಲ್ಲ ರೀತಿಯಿಂದಲೂ ಕ್ರಮಬದ್ಧವಾಗಿತ್ತು. ಮೂರು ಸಂಸ್ಥೆಗಳಿಂದ ದರಪಟ್ಟಿ ತರಿಸಲಾಗಿತ್ತು. ಸಮಿತಿಯ ನಿರ್ಣಯದ ಪ್ರತಿಯನ್ನು ಲಗತ್ತಿಸಲಾಗಿತ್ತು. ಅಧ್ಯಕ್ಷರ ಸಹಿಯೂ ಮೊಹರೂ ಇದ್ದವು. ಕಾರಣ ಬರೆಯಬೇಕಾದ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ ‘ಗೌರವ’ ಎಂದು ಬರೆದಿತ್ತು.

ಆದೇಶವು ರೊವೀನಾ ಆಕ್ಸೆಂಡೈನ್‌ಳ ಮೇಜಿಗೆ ಬಂದದ್ದು ಸೆಪ್ಟೆಂಬರ್ ತಿಂಗಳ ಎರಡನೆಯ ಸೋಮವಾರ, ಅವಳು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ಕರಿದ ಜೋಳದ ರೊಟ್ಟಿಗಳ ನಡುವೆ ಸೊಪ್ಪು ತುಂಬಿ ಅವಳ ಚಿಕ್ಕಮ್ಮ ಕಟ್ಟಿಕೊಟ್ಟಿದ್ದಳು. ಅದನ್ನು ತಿನ್ನುತ್ತಲೇ ಅವಳು ಓದಿದಳು. ಹೆಸರಿನ ಹತ್ತಿರ ಬಂದಾಗ ಅಗಿಯುವುದು ನಿಂತಿತು. ಆಮೇಲೆ ಮತ್ತೆ ಅಗಿದಳು, ಏಕೆಂದರೆ ಊಟದ ಬಿಡುವು ಮೂವತ್ತೇ ನಿಮಿಷ.

ಲಾಂಗ್‌ಲೀಫ್ ನಿವಾರಣಾ ಸೇವೆಗಳು ಎಂಬ ಈ ಸಂಸ್ಥೆ ಉತ್ತರ ಕೆರೊಲಿನಾದ ಸ್ಯಾಂಡ್‌ಹರ್ಸ್ಟ್ ಊರಿನ ಹೆದ್ದಾರಿ ಬದಿಯಲ್ಲಿ, ಪಿಟ್ಜಾ ಅಂಗಡಿಗೂ ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿಗೂ ನಡುವೆ ಇತ್ತು. ಅದು ಸೈನ್ಯದ ಶಿಬಿರ ಇರುವ ಊರು. ಸೈನ್ಯ ಬಿಟ್ಟವರು ಅಲ್ಲೇ ಉಳಿದುಬಿಡುತ್ತಾರೆ, ಉಳಿದವರಿಗೆ ಗೊತ್ತಿರುವ ಕೆಲಸ ಒಂದೇ. ಸಂಸ್ಥೆಯೊಳಗೆ ಕೊಲೆ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ, ನಿವಾರಣೆ ಎನ್ನಬೇಕು. ಬಾಯಿ ತಪ್ಪಿ ಕೊಲೆ ಎಂದವರನ್ನು ಮಾತಿನ ಸಭ್ಯತೆಯ ಅರ್ಧ ದಿನದ ತರಬೇತಿಗೆ ಕಳಿಸುತ್ತಿದ್ದರು. ಇದಲ್ಲದೆ ವರ್ಷಕ್ಕೊಮ್ಮೆ ಏಣಿ ಹತ್ತುವಾಗಿನ ಸುರಕ್ಷತೆ, ಬೆನ್ನು ನೋಯದಂತೆ ಕುರ್ಚಿಯಲ್ಲಿ ಕೂರುವ ವಿಧಾನ, ಇವೂ ಕಡ್ಡಾಯ. ತಿಂಗಳ ಶ್ರೇಷ್ಠ ನೌಕರರ ಭಾವಚಿತ್ರವನ್ನು ಗೋಡೆಗೆ ಹಾಕುತ್ತಿದ್ದರು. ಗೋಪ್ಯತೆಗಾಗಿ ಕಣ್ಣಿನ ಮೇಲೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು.

ನಾಲ್ಕು ವರ್ಷದಲ್ಲಿ ರೊವೀನಾ ಹನ್ನೊಂದು ನಿವಾರಣೆಗಳನ್ನು ಮಾಡಿದ್ದಳು. ಒಂದರಲ್ಲೂ ಗ್ರಾಹಕರಿಂದ ದೂರು ಬಂದಿರಲಿಲ್ಲ. ಆದರೂ ಅವಳ ದರ್ಜೆ ಇನ್ನೂ ‘ತರಬೇತಿಯಲ್ಲಿರುವವರು’ ಎಂದೇ ಇತ್ತು. ಬಡ್ತಿಗೆ ಯುದ್ಧದ ಅನುಭವದ ಪ್ರಮಾಣಪತ್ರ ಬೇಕು, ಅದು ಅವಳಲ್ಲಿ ಇರಲಿಲ್ಲ.

ಇರಲಿಲ್ಲ ಎಂದರೆ, ಇರಲು ಸಾಧ್ಯವಿರಲಿಲ್ಲ. ಅವಳು ವಿಶೇಷ ಪಡೆಯ ಜೊತೆ ಆರು ವರ್ಷ ಇದ್ದವಳು. ಆಗಿನ ಕಾಯಿದೆ ಪ್ರಕಾರ ಹೆಂಗಸರು ಯುದ್ಧಕ್ಕೆ ಹೋಗತಕ್ಕದ್ದಲ್ಲ. ಆದರೆ ಪರದೇಶದ ಮನೆಗಳಿಗೆ ನುಗ್ಗಿದಾಗ ಅಲ್ಲಿನ ಹೆಂಗಸರನ್ನು ಮಾತಾಡಿಸಲು ಹೆಂಗಸರೇ ಬೇಕಾಗುತ್ತಿದ್ದರು. ಅದಕ್ಕೆ ದೊಡ್ಡವರು ಕೂತು ಒಂದು ದಾರಿ ಹುಡುಕಿದರು. ಹೆಂಗಸರನ್ನು ಪಡೆಗೆ ಸೇರಿಸುವುದು ಬೇಡ, ಜೊತೆಗೆ ಕಳಿಸೋಣ. ಜೊತೆಗೆ ಇರುವಾಗ ಗುಂಡು ಹಾರಿದರೆ, ಹಾರಿದ ಕ್ಷಣದಿಂದ ಅವರು ಅಲ್ಲಿ ಇಲ್ಲವೆಂದು ಭಾವಿಸತಕ್ಕದ್ದು. ಗುಂಡು ನಿಂತ ಮೇಲೆ ಮತ್ತೆ ಇದ್ದಾರೆಂದು ಭಾವಿಸಬಹುದು. ರೊವೀನಾ ಸೈನ್ಯ ಬಿಟ್ಟ ಎರಡು ವರ್ಷದ ನಂತರ ಆ ಕಾಯಿದೆಯನ್ನು ರದ್ದು ಮಾಡಿ ಹೆಂಗಸರೂ ಯುದ್ಧ ಮಾಡಬಹುದು ಎಂದರು, ಆದರೆ ಹಿಂದಿನ ಯುದ್ಧಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಕೊನೆಯ ಸಾಲಿನಲ್ಲಿ ಸೇರಿಸಿದರು. ಹೀಗಾಗಿ ರೊವೀನಾಳ ಆರು ವರ್ಷದಲ್ಲಿ ಕಾಗದದ ಮೇಲೆ ಉಳಿದದ್ದು ಕಾಯುವಿಕೆ, ಊಟ ಮತ್ತು ಪ್ರಯಾಣ.

ಅಂಥ ಒಂದು ಹೋರಾಟದಲ್ಲಿ, ಒಂಬತ್ತನೆಯ ಗುಡ್ಡದ ಮೇಲೆ ಅವಳು ಕಾಯಿದೆಯಂತೆ ಇಲ್ಲದಿದ್ದಾಗ ಅವಳ ಎಡಗಡೆ ಮಾರ್ಸೆಲಾ ಯಬಾರ್ರಾ ಕೂಡ ಇರಲಿಲ್ಲ. ಇಬ್ಬರೂ ಒಂದೇ ದಿನ ಸೇರಿದವರು, ಒಂದೇ ತಟ್ಟೆಯಲ್ಲಿ ತಿಂದವರು. ಬೆಳಗಿನ ಏಳೂವರೆಗೆ ಎಡಗಡೆ ಒಂದು ಫಿರಂಗಿ ಗುಂಡು ಬಿದ್ದು ಸಿಡಿಯಿತು. ರೊವೀನಾಳ ಎಡಗಿವಿ ಹೋಯಿತು. ಮಾರ್ಸೆಲಾಳ ತೊಡೆ ಸೀಳಿತು. ಹೆಲಿಕಾಪ್ಟರ್ ಬಂದರೆ ಉಳಿಯುವ ಗಾಯ. ಹೆಲಿಕಾಪ್ಟರ್ ಕಳಿಸಲು ಕರ್ನಲ್ ಸ್ಟ್ರೌಡರ ಬಾಯಿಮಾತಿನ ಅಪ್ಪಣೆ ಬೇಕಿತ್ತು. ಕರ್ನಲರು ನಲವತ್ತು ಮೈಲಿ ದೂರದ ನೆಲೆಯಲ್ಲಿ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು, ಬಾಯಿ ಮರಗಟ್ಟಿತ್ತು. ಅಪ್ಪಣೆ ಹೊರಡಲು ಐವತ್ತು ನಿಮಿಷ ಹಿಡಿಯಿತು. ಮಾರ್ಸೆಲಾಗೆ ಅಷ್ಟು ಹೊತ್ತು ಇರಲಿಲ್ಲ.

ಅವಳ ತಾಯಿಗೆ ಬಂದ ಕಾಗದದಲ್ಲಿ ‘ಪ್ರಯಾಣದ ವೇಳೆ ಆಕಸ್ಮಿಕ’ ಎಂದಿತ್ತು. ಕರ್ನಲರಿಗೆ, ಮುಂದೆ ನಿಂತು ಪಡೆ ನಡೆಸಿದ್ದಕ್ಕಾಗಿ, ಬೆಳ್ಳಿ ಪದಕ ಬಂತು. ಹಲ್ಲಿಗೆ ಚಿನ್ನದ ಹೊದಿಕೆಯೂ ಬಂದಿತ್ತು.

ಸೈನ್ಯ ಬಿಟ್ಟ ಮೇಲೆ ರೊವೀನಾ ಕೇಳಿದ್ದು ಒಂದೇ. ತಾನು ಆ ಗುಡ್ಡದ ಮೇಲೆ ಇದ್ದೆ ಎಂದು ಯಾರಾದರೂ ಬರೆದು ಮೊಹರು ಒತ್ತಿ ಕೊಡಬೇಕು. ತಾನು ಇದ್ದದ್ದು ನಿಜವಾದರೆ ಎಡಗಡೆ ಮಾರ್ಸೆಲಾ ಇದ್ದದ್ದೂ ನಿಜವಾಗುತ್ತದೆ. ಕಿವಿಗೆ ಯಂತ್ರ ಸಿಗುವುದು ಆಮೇಲಿನ ಮಾತು. ಬಡ್ತಿಗಲ್ಲದಿದ್ದರೂ ಕೆಲಸಕ್ಕಾದರೂ ಅವಳ ಮಾತನ್ನು ಕಾಗದವಿಲ್ಲದೆ ನಂಬಿದ್ದು ಲಾಂಗ್‌ಲೀಫ್ ಒಂದೇ. ಅದಕ್ಕೇ ಅವಳು ಅಲ್ಲಿ ಸೇರಿದ್ದಳು.

ಆ ಸೋಮವಾರ ಮಧ್ಯಾಹ್ನವೇ ಮಾಜಿ ಯೋಧರ ಶ್ರವಣಹಾನಿ ಮಂಡಳಿಯಲ್ಲಿ ಅವಳ ನಾಲ್ಕನೆಯ ವಿಚಾರಣೆ ಇತ್ತು. ಮಂಡಳಿಯ ಅಧಿಕಾರಿ ಆಲ್ಟನ್ ಫೀಬಸ್ ಕನ್ನಡಕವನ್ನು ಹಣೆಗೆ ಏರಿಸಿ, ಅದನ್ನೇ ಮೇಜಿನ ಮೇಲೆ ಹುಡುಕುವ ಸ್ವಭಾವದವನು. ಕೆಟ್ಟವನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಗೂ ಮನೆ ಮಠ ಇರುತ್ತದೆ, ರಜೆ ಇರುತ್ತದೆ.

“ಮೇಡಂ, ಶಬ್ದ ಆಗಿದ್ದು ನಿಜ. ಮಂಡಳಿ ಒಪ್ಪತ್ತೆ,” ಎಂದ ಫೀಬಸ್. “ನಿಮ್ಮ ಕಿವಿ ಹೋಗಿರೋದೂ ನಿಜ. ಅದನ್ನೂ ಒಪ್ಪತ್ತೆ. ಆದ್ರೆ ಶಬ್ದ ಆದ ಜಾಗದಲ್ಲಿ ಕಿವಿ ಇರ್ಲಿಲ್ಲ. ನಾವೇನು ಮಾಡೋಣ?”

“ಕಿವಿ ನನ್ನ ತಲೇಲೇ ಇತ್ತು. ತಲೆ ಗುಡ್ಡದ ಮೇಲಿತ್ತು.”

“ತಲೆ ಅಲ್ಲಿತ್ತು ಅನ್ನೋದಕ್ಕೆ ಸಂಗಾತಿ ಪತ್ರ ತನ್ನಿ ಅಂತ ಹೋದ ಸಲಾನೇ ಹೇಳಿದ್ನಲ್ಲ? ಕಣ್ಣಾರೆ ಕಂಡವರು ಒಬ್ಬರು ಬರೆದು ಕೊಟ್ರೆ ಸಾಕು. ಬರೆಯೋರು ಮಾತ್ರ ಅಧಿಕೃತವಾಗಿ ಅಲ್ಲಿದ್ದವರಾಗಿರ್ಬೇಕು.”

“ಅಧಿಕೃತವಾಗಿ ಇದ್ದವರು ಯಾರ್ಯಾರು?”

ಫೀಬಸ್ ಪಟ್ಟಿ ತೆಗೆದ. ಏಳು ಹೆಸರು. ಅವರಲ್ಲಿ ಇಬ್ಬರು ಯುದ್ಧದಲ್ಲಿ ಸತ್ತಿದ್ದರು, ನಾಲ್ವರು ಶಾಂತಿಯಲ್ಲಿ ಸತ್ತಿದ್ದರು. ಉಳಿದ ಏಳನೆಯ ಹೆಸರಿನ ಕೆಳಗೆ ಫೀಬಸ್ ಸೀಸದಕಡ್ಡಿಯಿಂದ ಗೆರೆ ಎಳೆದ. ವೆಂಡೆಲ್ ಸ್ಟ್ರೌಡ್.

“ಇವರು ಅಲ್ಲಿ ಇರ್ಲೇ ಇಲ್ಲ,” ಎಂದಳು ರೊವೀನಾ.

“ಪದಕ ಇದೆ ಮೇಡಂ. ಪದಕದ ಮೇಲೆ ಗುಡ್ಡದ ನಂಬರ್ ಸಮೇತ ಕೊರೆದಿದ್ದಾರೆ. ಇವರಷ್ಟು ಅಲ್ಲಿದ್ದವರು ಇನ್ಯಾರೂ ಇಲ್ಲ.” ಫೀಬಸ್ ದನಿ ತಗ್ಗಿಸಿದ. “ಇನ್ನೊಂದು ವಿಷ್ಯ. ಪತ್ರ ಕೊಟ್ಟ ಸಾಕ್ಷಿ ತೀರ್ಪಿನ ದಿನದವರೆಗೂ ಬದುಕಿರ್ಬೇಕು. ನಡುವೆ ಸತ್ರೆ ಪತ್ರಾನೂ ಸತ್ತ ಹಾಗೇ. ವಯಸ್ಸಾದವರು ನೋಡಿ, ಸ್ವಲ್ಪ ಬೇಗ ಮಾಡ್ಕೊಳ್ಳಿ.”

ರೊವೀನಾ ಕಚೇರಿಗೆ ವಾಪಸು ಬಂದಳು. ಮೇಜಿನ ಮೇಲೆ ಬಲಗಡೆ ಆದೇಶ, ಎಡಗಡೆ ಪಟ್ಟಿ. ಎರಡರಲ್ಲೂ ಒಂದೇ ಹೆಸರು. ಹದಿಮೂರು ವರ್ಷದಿಂದ ಆ ಮನುಷ್ಯ ತನ್ನ ಬಂದೂಕಿನ ಮುಂದೆ ಬರಲಿ ಎಂದು ಅವಳು ದೇವರಲ್ಲಿ ಕೇಳಿಕೊಂಡಿದ್ದಳು. ದೇವರು ಕೊಟ್ಟಿದ್ದ, ದಿನಾಂಕದ ಸಮೇತ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಮಾತು ಅವಳಿಗೆ ಒಪ್ಪುವಂತಿರಲಿಲ್ಲ. ಅವಳಿಗೆ ಎರಡೂ ಇದ್ದವು, ಕಡಿಯಲು ಅನುಮತಿ ಇರಲಿಲ್ಲ.

ಅವಳು ಸಿಬ್ಬಂದಿ ವಿಭಾಗದ ಕ್ಯಾಂಡೇಸ್ ಪ್ರೂವಿಟ್‌ಳ ಕೋಣೆಗೆ ಹೋದಳು. ಕ್ಯಾಂಡೇಸ್ ಎಲ್ಲರನ್ನೂ ಚಿನ್ನಾ ಎಂದು ಕರೆಯುವ ಹೆಂಗಸು. ಕೆಲಸದಿಂದ ತೆಗೆಯುವಾಗಲೂ ಹಾಗೆಯೇ ಕರೆಯುತ್ತಿದ್ದಳು.

“ಈ ಆದೇಶದಲ್ಲಿ ನನಗೆ ಹಿತಾಸಕ್ತಿ ಸಂಘರ್ಷ ಇದೆ,” ಎಂದಳು ರೊವೀನಾ.

“ಅಯ್ಯೋ ಚಿನ್ನಾ. ಕರ್ನಲ್ ನಿನಗೆ ಗೊತ್ತಾ?”

“ಗೊತ್ತು.”

“ಪ್ರೀತಿನಾ ದ್ವೇಷನಾ?”

“ದ್ವೇಷ.”

“ಹಾಗಾದ್ರೆ ಸಂಘರ್ಷ ಎಲ್ಲಿಂದ ಬಂತು? ಪ್ರೀತಿ ಇದ್ರೆ ಮಾತ್ರ ಫಾರ್ಮು ತುಂಬಬೇಕು. ದ್ವೇಷ ಇದ್ರೆ ಕೆಲಸದಲ್ಲಿ ಆಸಕ್ತಿ ಅಂತ ಬರ್ಕೋತೀವಿ.”

“ಅವನನ್ನ ಯಾಕೆ ಕೊಲ್ಲ... ನಿವಾರಿಸಬೇಕು? ಯಾರಿಗೆ ಬೇಕಾಗಿದೆ?”

ಕ್ಯಾಂಡೇಸ್ ಕಡತ ತೆರೆದು ತೋರಿಸಿದಳು. ವಿಷಯ ಬಹಳ ಸರಳವಾಗಿತ್ತು. ಸ್ಯಾಂಡ್‌ಹರ್ಸ್ಟ್ ಊರಿನ ವೀರರ ಉದ್ಯಾನದಲ್ಲಿ ಕರ್ನಲರ ಕಂಚಿನ ಪ್ರತಿಮೆ ನಿಲ್ಲಿಸಬೇಕೆಂದು ಹನ್ನೊಂದು ಜನರ ಸ್ಮಾರಕ ಸಮಿತಿ ತೀರ್ಮಾನಿಸಿತ್ತು. ಪ್ರತಿಮೆ ಎರಕವಾಯಿತು. ಪೀಠ ಕಟ್ಟಿದರು. ಅಕ್ಟೋಬರ್ ಹದಿನಾಲ್ಕಕ್ಕೆ ಅನಾವರಣ, ಶಾಲೆಯ ವಾದ್ಯಮೇಳಕ್ಕೂ ಹೇಳಿ ಆಯಿತು. ಆಮೇಲೆ ಯಾರೋ ಉದ್ಯಾನದ ನಿಯಮಾವಳಿ ಓದಿದರು.

‘ಕಲಂ ಆರು. ಉದ್ಯಾನದಲ್ಲಿ ಮೃತ ವೀರರ ಪ್ರತಿಮೆಗಳನ್ನು ಮಾತ್ರ ಸ್ಥಾಪಿಸತಕ್ಕದ್ದು. ಜೀವಂತ ವೀರರ ಪ್ರತಿಮೆ ಸ್ಥಾಪಿಸಿ, ಅನಂತರ ಸದರಿ ವೀರರು ಬಂಧನಕ್ಕೊಳಗಾಗಿ, ಕ್ರೇನ್ ತರಿಸಿ ತೆಗೆಸಬೇಕಾದ ಪ್ರಸಂಗ ಈಗಾಗಲೇ ಎರಡು ಬಾರಿ ಒದಗಿರುತ್ತದೆ.’

ಸಮಿತಿಯಲ್ಲಿ ಯಾರಿಗೂ ಕರ್ನಲರ ಮೇಲೆ ಕೋಪವಿರಲಿಲ್ಲ. ನಿಯಮ ಬದಲಾಯಿಸಲು ಮೂರು ಸಾರ್ವಜನಿಕ ಸಭೆ ಕರೆಯಬೇಕಿತ್ತು, ಒಂದಕ್ಕೂ ಸಭಾಂಗಣ ಖಾಲಿ ಇರಲಿಲ್ಲ. ಆದ್ದರಿಂದ, ಕಲಂ ಆರರ ಅಡಚಣೆಯನ್ನು ತಜ್ಞ ಸಂಸ್ಥೆಯಿಂದ ನಿವಾರಿಸಿಕೊಳ್ಳುವುದು ಎಂದು ಒಮ್ಮತದಿಂದ ನಿರ್ಣಯಿಸಿದರು. ಸಮಿತಿಯ ಗೌರವಾಧ್ಯಕ್ಷರ ಸಹಿಗೆ ಕಳಿಸಿದರು. ಗೌರವಾಧ್ಯಕ್ಷರು ಸ್ವತಃ ಕರ್ನಲ್ ಸ್ಟ್ರೌಡ್. ಎದುರಿಗೆ ಇಟ್ಟದ್ದಕ್ಕೆಲ್ಲ ಸಹಿ ಹಾಕುವ ಉದಾರಿ.

“ನೋಡು, ಎಲ್ಲ ಸರಿಯಾಗಿದೆ,” ಎಂದಳು ಕ್ಯಾಂಡೇಸ್. “ನೀನು ಮಾಡ್ದೆ ಹೋದ್ರೆ ಬೇರೆಯವರಿಗೆ ಕೊಡ್ತೀವಿ. ಶುಕ್ರವಾರದ ಮೇಲೆ ಶುಕ್ರವಾರ ನಾಲ್ಕು ಶುಕ್ರವಾರ ಟೈಮ್ ಇದೆ, ಸಾಕು ಅಲ್ವಾ?”

ಸಾಕಾಗುತ್ತಿರಲಿಲ್ಲ. ಮಂಡಳಿಯ ತೀರ್ಪಿಗೆ ಸಾಮಾನ್ಯವಾಗಿ ಹನ್ನೊಂದು ತಿಂಗಳು ಹಿಡಿಯುತ್ತದೆ ಎಂದು ಮಂಡಳಿಯ ಗೋಡೆಯ ಮೇಲೇ ಬರೆದಿತ್ತು.

ಶನಿವಾರ ಬೆಳಗ್ಗೆ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಪ್ಯಾನ್‌ಕೇಕ್ ಉಪಾಹಾರ ಇತ್ತು. ಹೊಸ ನೀರಿನ ಕೊಳವೆಗಾಗಿ ಊರವರೆಲ್ಲ ಬಂದು ತಿಂದು ಸಹಾಯ ಮಾಡುವುದು ಪದ್ಧತಿ. ಕೆಂಪು ಗಾಡಿಯ ನೆರಳಿನಲ್ಲಿ ಕರ್ನಲ್ ಸ್ಟ್ರೌಡ್ ಕೂತಿದ್ದರು. ಮೇಣ ಹಚ್ಚಿ ತಿರುಪಿದ ಮೀಸೆ, ಎರಡು ಕುರ್ಚಿಗಾಗುವಷ್ಟು ಮೈ. ಫೋಟೋಗಳ ಮೇಲೆ, ಕಾಗದದ ತಟ್ಟೆಗಳ ಮೇಲೆ, ಕೈ ಮುರಿದುಕೊಂಡಿದ್ದ ಮುದುಕಿಯೊಬ್ಬಳ ಪಟ್ಟಿಯ ಮೇಲೆ, ಹೀಗೆ ಕೇಳಿದವರಿಗೂ ಕೇಳದವರಿಗೂ ಸಹಿ ಹಾಕುತ್ತಿದ್ದರು. ರೊವೀನಾಳ ಚೀಲದಲ್ಲಿ ಒಂದು ಪಿಸ್ತೂಲು, ಒಂದು ಪತ್ರ, ಒಂದು ಆದೇಶ ಇದ್ದವು. ಅವಳು ಸಾಲಿನಲ್ಲಿ ನಿಂತಳು.

“ಯಾರ ಹೆಸರಿಗೆ ಬರೀಲಮ್ಮ?” ಎಂದರು ಕರ್ನಲ್, ತಲೆ ಎತ್ತದೆ.

“ಮಾರ್ಸೆಲಾ ಯಬಾರ್ರಾ ಹೆಸರಿಗೆ, ಸರ್.”

ಪೆನ್ನು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ದವಡೆ ಮುಟ್ಟಿ ನೋಡಿಕೊಂಡರು.

“ನೀನು ಯಾರು?”

“ರೊವೀನಾ ಆಕ್ಸೆಂಡೈನ್. ಒಂಬತ್ತನೇ ಗುಡ್ಡದ ಮೇಲೆ ಇದ್ದೆ.”

“ಅಲ್ಲಿ ಹೆಂಗಸರು ಯಾರೂ ಇರ್ಲಿಲ್ವಲ್ಲಮ್ಮ.”

“ನಿಮಗೆ ಹೇಗೆ ಗೊತ್ತು ಸರ್?”

ಕರ್ನಲ್ ಸಾಸೇಜಿನ ತುಂಡೊಂದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಅಗಿಯುವಾಗ ಚಿನ್ನದ ಹಲ್ಲು ಕಾಣಿಸಿತು.

“ಅವತ್ತು ನನಗೆ,” ಎಂದು ಸುತ್ತ ನೋಡಿ ಮೆಲ್ಲಗೆ ಹೇಳಿದರು, “ಸ್ವಲ್ಪ ಹಲ್ಲುನೋವು.”

“ಗೊತ್ತು ಸರ್. ರೇಡಿಯೋದಲ್ಲಿ ಹಲ್ಲು ಕೊರೆಯೋ ಸದ್ದು ಕೇಳಿಸ್ತಿತ್ತು. ನನ್ನ ಬಲಗಿವಿ ಚೆನ್ನಾಗಿದೆ.”

ಅವಳು ಪತ್ರ ಮುಂದಿಟ್ಟಳು. ‘ನಾನು, ವೆಂಡೆಲ್ ಸ್ಟ್ರೌಡ್, ಒಂಬತ್ತನೆಯ ಗುಡ್ಡದ ಮೇಲೆ ಇದ್ದು, ರೊವೀನಾ ಆಕ್ಸೆಂಡೈನ್ ಹಾಗೂ ಮಾರ್ಸೆಲಾ ಯಬಾರ್ರಾ ಇವರನ್ನು ಹೋರಾಟದಲ್ಲಿ ಕಣ್ಣಾರೆ ಕಂಡಿರುತ್ತೇನೆ.’ ಜೀವನದಲ್ಲಿ ಮೊದಲ ಬಾರಿಗೆ ಕರ್ನಲರು ಒಂದು ಕಾಗದವನ್ನು ಪೂರ್ತಿ ಓದಿದರು.

“ಸಹಿ ಹಾಕ್ದೆ ಹೋದ್ರೆ?”

“ಅಕ್ಟೋಬರ್ ಹದಿನಾಲ್ಕರ ಒಳಗೆ ನಿಮ್ಮನ್ನ ಕೊಲ್ಲಬೇಕು ಅಂತ ನನಗೆ ಆದೇಶ ಇದೆ ಸರ್.” ಅವಳು ಆದೇಶವನ್ನೂ ಮುಂದಿಟ್ಟಳು.

ಕರ್ನಲ್ ಕನ್ನಡಕ ಹಾಕಿಕೊಂಡರು. “ಇದು ನನ್ನ ಸಹಿ!”

“ಹೌದು ಸರ್. ನೀವು ಅಧ್ಯಕ್ಷರು.”

“ಮೊಹರೂ ಸರಿಯಾಗಿದೆ,” ಎಂದು ಕರ್ನಲ್ ಒಪ್ಪಿಕೊಂಡರು. ಮುಖ ಮಾತ್ರ ಮೈದಾ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. “ಸಹಿ ಹಾಕಿದ್ರೆ?”

“ಸಾಕ್ಷಿ ಬದುಕಿರ್ಬೇಕು ಅಂತ ಮಂಡಳಿ ನಿಯಮ ಇದೆ. ನಾನೇ ನೋಡ್ಕೋತೀನಿ.”

ಪೆನ್ನು ಕಾಗದದ ಹತ್ತಿರ ಹೋಯಿತು, ಮತ್ತೆ ಹಿಂದೆ ಬಂತು. ಎಷ್ಟೆಂದರೂ ಹುಟ್ಟುಗುಣ. “ನಾನು ಎಲ್ಲಿ ನಿಂತಿದ್ದೆ ಅಂತ ಇದರಲ್ಲಿ ಇಲ್ವಲ್ಲ?”

“ಹಿಂದೆ ಒಂದು ಬಂಡೆ ಇತ್ತು. ಅಲ್ಲಿ ನಿಲ್ಲಿಸ್ತೀನಿ.”

“ಬಂಡೆ ಹಿಂದೆನಾ? ಪದಕ ತಗೊಂಡವನು ಬಂಡೆ ಹಿಂದೆ ನಿಂತ್ರೆ ಜನ ಏನಂತಾರೆ? ಮುಂದೆ ನಿಲ್ಲಿಸು.”

“ಮುಂದೆ ಆರು ಜನ ಇದ್ರು ಸರ್. ಜಾಗ ಇಲ್ಲ.”

“ನೀವಿಬ್ಬರೂ ಎಲ್ಲಿದ್ರಿ?”

“ನಾನಿಲ್ಲಿ. ಎಡಕ್ಕೆ ಮಾರ್ಸೆಲಾ.” ಅವಳು ತಟ್ಟೆಯ ಮೇಲೆ ಎರಡು ಬೆಣ್ಣೆಯ ತುಣುಕು ಇಟ್ಟು ತೋರಿಸಿದಳು.

“ಮಧ್ಯೆ ಜಾಗ ಇದೆಯಲ್ಲ,” ಎಂದು ಕರ್ನಲ್ ಸಾಸೇಜೊಂದನ್ನು ಎರಡು ಬೆಣ್ಣೆಯ ನಡುವೆ ಇಟ್ಟರು. “ನನ್ನನ್ನ ಇಲ್ಲಿ ನಿಲ್ಲಿಸು. ಇಬ್ಬರು ಹೆಣ್ಣುಮಕ್ಕಳನ್ನ ಕಾಪಾಡೋ ಹಾಗೆ ಚೆನ್ನಾಗಿ ಕಾಣತ್ತೆ.”

ರೊವೀನಾ ಆ ಸಾಸೇಜನ್ನು ಬಹಳ ಹೊತ್ತು ನೋಡಿದಳು. ಚೀಲದೊಳಗೆ ಕೈ ಹೋಗಿತ್ತು. ಪಿಸ್ತೂಲಿನ ಹಿಡಿ ತಣ್ಣಗಿತ್ತು. ಅವಳ ಮತ್ತು ಮಾರ್ಸೆಲಾಳ ನಡುವೆ ಆ ದಿನ ಒಂದು ಅಂಗೈ ಅಗಲದ ಜಾಗವಿತ್ತು, ಅಷ್ಟೇ. ಅದನ್ನು ಈ ಮನುಷ್ಯನಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಕೈ ಹೊರಗೆ ಬಂದಾಗ ಅದರಲ್ಲಿ ಪೆನ್ನಿತ್ತು. ಕರ್ನಲ್ ಕೇಳಿದ ಜಾಗದಲ್ಲೇ ಅವರನ್ನು ನಿಲ್ಲಿಸಿ ಅವಳು ಬರೆದಳು, ಅವರು ಸಹಿ ಹಾಕಿದರು. ಜೊತೆಗೆ ‘ಪ್ರೀತಿಯಿಂದ’ ಎಂದೂ ಸೇರಿಸಿದರು.

ಸೋಮವಾರ ಅವಳು ಪತ್ರದ ಪ್ರತಿ ತಂದು ಕ್ಯಾಂಡೇಸ್‌ಗೆ ಕೊಟ್ಟಳು.

“ಕ್ಯಾಂಡೇಸ್, ಸಮಿತಿಗೆ ಬೇಕಾಗಿರೋದು ಕರ್ನಲ್ ಸಾವೋ, ಇಲ್ಲ ಸತ್ತ ವೀರರು ಒಬ್ಬರೋ?”

ಕ್ಯಾಂಡೇಸ್ ನಿರ್ಣಯವನ್ನು ಮತ್ತೆ ಓದಿದಳು. “ಒಂಬತ್ತನೆಯ ಗುಡ್ಡದ ವೀರರ ಪ್ರತಿಮೆ ಅಂತಿದೆ. ಹೆಸರು ಹಾಕೋದು ಮರ್ತಿದ್ದಾರೆ. ಯಾರಾದ್ರೂ ಆಗುತ್ತೆ. ಸತ್ತಿರ್ಬೇಕು, ಗುಡ್ಡದ ಮೇಲೆ ಇದ್ದಿರ್ಬೇಕು.”

“ಒಬ್ಬಳು ಇದ್ದಾಳೆ. ಸತ್ತು ಹದಿಮೂರು ವರ್ಷ ಆಯ್ತು. ಗುಡ್ಡದ ಮೇಲೆ ಇದ್ದಳು ಅಂತ ಮಂಡಳಿ ಒಪ್ಪಬೇಕಷ್ಟೆ.”

“ಚಿನ್ನಾ!” ಎಂದು ಕ್ಯಾಂಡೇಸ್ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. “ಇದಕ್ಕೇ ನೋಡು ನನಗೆ ನೀನಂದ್ರೆ ಇಷ್ಟ.”

ಸಮಿತಿಯಿಂದ ಮಂಡಳಿಗೆ ಒಂದು ಫೋನು ಹೋಯಿತು. ವಾದ್ಯಮೇಳದ ಮಕ್ಕಳ ಪೋಷಾಕು ಹೊಲಿಸಿ ಆಗಿದೆ, ಅನಾವರಣ ನಿಲ್ಲುವ ಹಾಗಿಲ್ಲ ಎಂದು ತಿಳಿಸಲಾಯಿತು. ನಾಲ್ಕು ವರ್ಷದಲ್ಲಿ ಆಗದ ವಿಚಾರಣೆ ಒಂಬತ್ತು ದಿನದಲ್ಲಿ ಮುಗಿಯಿತು. ಫೀಬಸ್ ತೀರ್ಪನ್ನು ಸ್ವತಃ ಓದಿ ಹೇಳಿದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

‘ಒಂದು. ಅರ್ಜಿದಾರರಾದ ರೊವೀನಾ ಆಕ್ಸೆಂಡೈನ್ ಹಾಗೂ ದಿವಂಗತ ಮಾರ್ಸೆಲಾ ಯಬಾರ್ರಾ ಇವರು ಒಂಬತ್ತನೆಯ ಗುಡ್ಡದ ಮೇಲೆ ಇದ್ದರೆಂದು ಮಂಡಳಿಯು ಒಪ್ಪಿರುತ್ತದೆ.

ಎರಡು. ಸಾಕ್ಷಿಯ ಹೇಳಿಕೆ ಪ್ರಕಾರ ಕರ್ನಲ್ ಸ್ಟ್ರೌಡ್ ಅವರು ಅರ್ಜಿದಾರರಿಗೂ ಸ್ಫೋಟಕ್ಕೂ ನಡುವೆ ನಿಂತಿದ್ದರು. ಕರ್ನಲರ ಶರೀರದ ಗಾತ್ರವನ್ನು ಗಮನಿಸಿದರೆ ಶಬ್ದವು ಅವರನ್ನು ದಾಟಿ ಅರ್ಜಿದಾರರ ಕಿವಿಯನ್ನು ತಲುಪಿರುವ ಸಂಭವವಿಲ್ಲ. ಆದ್ದರಿಂದ ಅರ್ಜಿದಾರರ ಶ್ರವಣಹಾನಿಯನ್ನು ಸೊನ್ನೆ ಪ್ರತಿಶತವೆಂದು ನಿಗದಿಪಡಿಸಲಾಗಿದೆ.

ಮೂರು. ಸ್ಫೋಟಕ್ಕೆ ಅಷ್ಟು ಹತ್ತಿರ ನಿಂತಿದ್ದ ಕರ್ನಲರ ಕಿವಿಗಳ ಬಗ್ಗೆ ಮಂಡಳಿಯು ಸ್ವಯಂಪ್ರೇರಿತವಾಗಿ ಕಾಳಜಿ ವಹಿಸಿ, ಎರಡು ಶ್ರವಣಯಂತ್ರಗಳನ್ನು ಮಂಜೂರು ಮಾಡಿರುತ್ತದೆ.’

ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ. ರೊವೀನಾ ಮೊದಲನೆಯ ಕಲಮನ್ನು ಮೂರು ಸಲ ಓದಿದಳು. ಉಳಿದ ಎರಡು ಅವಳ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. ಅವಳು ಅಳುತ್ತಿದ್ದಳು, ಹಾಗೆ ಅಳುತ್ತಿರುವುದಕ್ಕೆ ಅವಳಿಗೆ ನಾಚಿಕೆಯಾಗಿತ್ತು.

“ಮೇಲ್ಮನವಿ ಹಾಕ್ಬಹುದು ಮೇಡಂ,” ಎಂದು ಫೀಬಸ್ ಕರವಸ್ತ್ರ ಕೊಟ್ಟ. “ಎಂಟು ವರ್ಷ ಆಗತ್ತೆ. ಅಲ್ಲೀವರೆಗೂ ಸಾಕ್ಷಿ ಬದುಕಿರ್ಬೇಕು, ಅದೊಂದು ನೋಡ್ಕೊಳ್ಳಿ. ಅವರು ಹೋದ್ರೆ ಒಂದನೇ ಕಲಮೂ ಹೋಗತ್ತೆ, ಮೇಲ್ಮನವಿ ಹಾಕಿದ ಮೇಲೆ ಎಲ್ಲ ಕಲಮೂ ಒಟ್ಟಿಗೇ.”

“ಮೇಲ್ಮನವಿ ಹಾಕ್ದೆ ಹೋದ್ರೆ?”

“ಸೊನ್ನೆ ಬಂದವರ ಪರವಾಗಿ ಮಂಡಳಿನೇ ಹಾಕಿಬಿಡತ್ತೆ. ಯೋಧರ ಅನುಕೂಲಕ್ಕೆ.”

ಲಾಂಗ್‌ಲೀಫ್‌ನಲ್ಲಿ ಅವಳ ಭಾವಚಿತ್ರ ಗೋಡೆಗೆ ಬಂತು, ಕಣ್ಣಿಗೆ ಕಪ್ಪು ಪಟ್ಟಿ ಸಮೇತ. ಗ್ರಾಹಕರಿಗೆ ಬೇಕಾಗಿದ್ದ ಸಾವನ್ನು ಆದೇಶ ಬರುವ ಹದಿಮೂರು ವರ್ಷ ಮೊದಲೇ ಒದಗಿಸಿದ ಉದ್ಯೋಗಿ ಸಂಸ್ಥೆಯ ಇತಿಹಾಸದಲ್ಲಿ ಇವಳೊಬ್ಬಳೇ ಎಂದು ಕೆಳಗೆ ಬರೆದಿದ್ದರು. ಅದನ್ನು ಓದಿದ ದಿನ ಅವಳು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಗೋಡೆಗೆ ಗುದ್ದಿದಳು. ಕೈಗಾಯದ ವರದಿ ತ್ರಿಪ್ರತಿಯಲ್ಲಿ ಸಲ್ಲಿಸಬೇಕಾಯಿತು. ಯುದ್ಧಾನುಭವದ ಪ್ರಮಾಣಪತ್ರ ಈಗ ಇದ್ದದ್ದರಿಂದ ‘ತರಬೇತಿಯಲ್ಲಿರುವವರು’ ಎಂಬುದನ್ನು ಅದೇ ವಾರ ಅಳಿಸಿದರು.

ಅಕ್ಟೋಬರ್ ಹದಿನಾಲ್ಕರ ಬೆಳಗ್ಗೆ ತುಂತುರು ಮಳೆ ಬಂದು ನಿಂತಿತ್ತು. ವೀರರ ಉದ್ಯಾನದಲ್ಲಿ ಮಡಚುವ ಕುರ್ಚಿಗಳನ್ನು ಒರೆಸಿ ಹಾಕಿದ್ದರು. ಟೆಕ್ಸಸ್‌ನಿಂದ ಎರಡು ದಿನ ಬಸ್ಸಿನಲ್ಲಿ ಕೂತು ಮಾರ್ಸೆಲಾಳ ತಾಯಿ ಎವುಲಾಲಿಯಾ ಯಬಾರ್ರಾ ಬಂದಿದ್ದಳು. ಮಡಿಲಲ್ಲಿ ಮನೆಯಲ್ಲಿ ಸುಟ್ಟ ಸಿಹಿ ಬ್ರೆಡ್ಡು, ಚೆಂಡುಹೂವು. ರೊವೀನಾ ಅವಳನ್ನು ತನ್ನ ಬಲಗಡೆ ಕೂರಿಸಿಕೊಂಡಳು.

ಪರದೆ ಸರಿಯಿತು. ಕಂಚಿನ ಪ್ರತಿಮೆ ಒಂದು ಕಾಲು ಮುಂದಿಟ್ಟು ನಿಂತಿತ್ತು. ತಿರುಪಿದ ಮೀಸೆ, ಎರಡು ಕುರ್ಚಿಗಾಗುವಷ್ಟು ಮೈ. ಕೆಳಗಿನ ಫಲಕದಲ್ಲಿ ‘ಮಾರ್ಸೆಲಾ ಯಬಾರ್ರಾ, ಒಂಬತ್ತನೆಯ ಗುಡ್ಡದ ವೀರೆ’ ಎಂದಿತ್ತು. ಪ್ರತಿಮೆ ಮತ್ತೆ ಎರಕ ಹೊಯ್ಯಲು ಸಮಯ ಇರಲಿಲ್ಲ, ಫಲಕ ಬದಲಾಯಿಸಲು ಒಂದು ಮಧ್ಯಾಹ್ನ ಸಾಕಾಗಿತ್ತು. ವಾದ್ಯಮೇಳ ಬಾರಿಸಿತು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ತನ್ನ ಹೆಂಡತಿಗೆ, “ಆಗೆಲ್ಲ ಹೆಂಗಸರು ಸೈನ್ಯದಲ್ಲಿ ಹೀಗೇ ಇರ್ಬೇಕಿತ್ತೇನೋ,” ಎಂದ.

ತಾಯಿ ಎದ್ದು ಹತ್ತಿರ ಹೋದಳು. ಬಹಳ ಹೊತ್ತು ಮುಖ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಸಮಿತಿಯವನನ್ನು ಕೇಳಿದಳು, “ಇದು ನನ್ನ ಮಗಳಾ?”

“ಹೌದು ತಾಯಿ. ಕಡತದ ಪ್ರಕಾರ.”

ಅವಳು ರೊವೀನಾಳ ಕಡೆ ತಿರುಗಿದಳು. “ನೀನು ಅವಳ ಜೊತೆ ಇದ್ದೆಯಾ?”

“ಇದ್ದೆ ಅಮ್ಮ. ಈಗ ಕಾಗದಾನೂ ಇದೆ.”

“ಹದಿಮೂರು ವರ್ಷ ನಾನು, ಏನೋ ಬಸ್ಸು ಗಿಸ್ಸು ಉರುಳಿ ಸತ್ತಳು ಅಂದ್ಕೊಂಡಿದ್ದೆ,” ಎಂದಳು ತಾಯಿ. ಬ್ರೆಡ್ಡನ್ನೂ ಹೂವನ್ನೂ ಕಂಚಿನ ಪಾದಗಳ ಮೇಲಿಟ್ಟಳು. ಬೂಟುಗಳನ್ನು ಕೋಟಿನ ತೋಳಿನಿಂದಲೇ ಒರೆಸಿದಳು. “ಬೂಟು ಒಳ್ಳೇದು ಹಾಕಿದ್ದಾರೆ. ಅವಳಿಗೆ ಕಾಲು ಯಾವಾಗ್ಲೂ ತಣ್ಣಗಾಗ್ತಿತ್ತು.”

ಇಬ್ಬರೂ ವಾಪಸು ಬಂದು ಕೂತರು. ಮುಖ್ಯ ಅತಿಥಿಗಳಾಗಿ ಕರ್ನಲ್ ಸ್ಟ್ರೌಡ್ ಎರಡು ಹೊಸ ಯಂತ್ರಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ಎಡಗಡೆ ಇದ್ದ ವೇದಿಕೆ ಹತ್ತಿ ಮಾತಾಡತೊಡಗಿದರು. ತಮ್ಮ ಪ್ರತಿಮೆಗೆ ಕೈ ತೋರಿಸಿ ಕಣ್ಣೊರೆಸಿಕೊಂಡರು. ತಾಯಿ ರೊವೀನಾಳ ಬಲಗಿವಿಗೆ ಬಾಗಿದಳು.

“ನನಗೆ ವಯಸ್ಸಾಯ್ತು, ಅಷ್ಟು ದೂರದ್ದು ಕೇಳಲ್ಲ. ಏನು ಹೇಳ್ತಿದ್ದಾನೆ ಅವನು?”

“ಗೊತ್ತಿಲ್ಲಮ್ಮ. ಆ ಕಡೆ ನನಗೂ ಕೇಳಲ್ಲ.”

“ಯಾವಾಗಿನಿಂದ?”

“ಮಾರ್ಸೆಲಾ ಆ ಕಡೆ ಇದ್ದಾಗಿನಿಂದ.”

ತಾಯಿ ಅವಳ ಕೈ ಹಿಡಿದುಕೊಂಡಳು. ಜನ ಚಪ್ಪಾಳೆ ತಟ್ಟಿದರು. ಕರ್ನಲರ ಮಾತು ಮುಗಿದಿರಬೇಕು ಎಂದು ರೊವೀನಾಗೆ ಅದರಿಂದ ತಿಳಿಯಿತು. ಅವರು ವೇದಿಕೆಯ ಅಂಚಿಗೆ ಬಂದು, ಜನರಿಗೆ ಕೈಬೀಸುತ್ತ, ಕಾಲಕೆಳಗೆ ನೋಡದೆ ಹೆಜ್ಜೆ ಎತ್ತಿದರು. ಮೆಟ್ಟಿಲು ನಾಲ್ಕು, ಮರದ್ದು, ಮಳೆಗೆ ನೆನೆದಿತ್ತು. ಅವಳು ತಾಯಿಯ ಕೈ ಬಿಡಿಸಿಕೊಂಡು ಒಂದೇ ನೆಗೆತಕ್ಕೆ ಅಲ್ಲಿಗೆ ಹೋಗಿ ಕರ್ನಲರ ತೋಳು ಹಿಡಿದಳು.

“ನಿಧಾನ ಸರ್,” ಎಂದಳು. “ಮೆಟ್ಟಿಲು ಜಾರುತ್ತೆ.”